ಬುಷ್ ಕ್ಯಾಂಪಿಂಗ್‌ಗೆ ಹಾಡು: ಸ್ಪೀಕರ್, ಇಯರ್‌ಫೋನ್, ರೇಡಿಯೊ, ಇಲ್ಲಾ ನಮ್ಮದೇ ದನಿ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಲೇಬರ್ ಡೇ, ಈಸ್ಟರ್, ಮೆಲ್ಬರ್ನ್ ಕಪ್ ಡೇ ರಜೆ ಹತ್ತಿರ ಬಂತೆಂದರೆ ಕನ್ನಡ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಪಟ್ಟಿ ಶುರುವಾಗುತ್ತದೆ. ಟೆಂಟ್ ಯಾರದು, ಗ್ಯಾಸ್ ಸ್ಟವ್ ಯಾರು ತರುತ್ತಾರೆ, ಪುಳಿಯೋಗರೆ ಗೊಜ್ಜು ಯಾರ ಮನೆಯದು. ಕೊನೆಗೆ ಒಬ್ಬರು ಕೇಳುತ್ತಾರೆ, "ಸ್ಪೀಕರ್ ಯಾರು ತರ್ತೀರ?" ಯಾರೋ "ನಾನು" ಅಂದರೆ ಮಾತು ಮುಗಿಯಿತು. ಮನೆಯಲ್ಲಿರುವ ದೊಡ್ಡ ಸ್ಪೀಕರ್ ಕಾರಿನ ಬೂಟಿಗೆ ಹೋಗುತ್ತದೆ.

ಅಲ್ಲಿ ಸ್ವಲ್ಪ ನಿಂತು ಯೋಚಿಸಬೇಕು ಅನ್ನುವುದು ನನ್ನ ಮಾತು. ಗ್ರಾಂಪಿಯನ್ಸ್, ಆಟ್ವೇ, ವಿಲ್ಸನ್ಸ್ ಪ್ರೊಮೊಂಟರಿ, ಹೈ ಕಂಟ್ರಿ, ಎಲ್ಲಿಗೇ ಹೋದರೂ ಬುಷ್‌ನಲ್ಲಿ, ಅಂದರೆ ಇಲ್ಲಿನ ಕಾಡುಮೇಡಿನಲ್ಲಿ, ಹಾಡು ಕೇಳಲು ನಾಲ್ಕೈದು ದಾರಿಗಳಿವೆ. ಬ್ಲೂಟೂತ್ ಸ್ಪೀಕರ್, ಕಾರಿನ ಸ್ಟಿರಿಯೊ, ಇಯರ್‌ಫೋನ್, ಪುಟ್ಟ ರೇಡಿಯೊ, ಮತ್ತೆ ನಮ್ಮದೇ ದನಿ. ಯಾವುದರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ ಅನ್ನುವುದನ್ನು ಆಮೇಲೆ ನೋಡಬಹುದು. ಅದು ಯಾರ್ಯಾರಿಗೆ ಕೇಳಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ಆ ಲೆಕ್ಕ ಹಿಡಿದೇ ಒಂದೊಂದನ್ನೂ ನೋಡೋಣ.

ಬಯಲಲ್ಲಿ ಸದ್ದಿನ ದಾರಿಯೇ ಬೇರೆ

ಮನೆಯೊಳಗೆ ಗೋಡೆ, ಚಾವಣಿ ಎಲ್ಲ ಸದ್ದನ್ನು ವಾಪಸ್ ಕಳಿಸುತ್ತವೆ. ಅದಕ್ಕೇ ಅಂಗೈಯಗಲದ ಸ್ಪೀಕರ್ ಕೂಡ ಅಲ್ಲಿ ತುಂಬಿ ಕೇಳುತ್ತದೆ. ಬಯಲಿಗೆ ತಂದರೆ ಅದೇ ಸ್ಪೀಕರ್ ಸೊರಗುತ್ತದೆ. ಮೊದಲು ಕಾಣೆಯಾಗುವುದು ಬೇಸ್, ಅಂದರೆ ದಪ್ಪ ಸ್ವರಗಳು. ಆಗ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಷ್ಟಕ್ಕೆ ಹತ್ತರಷ್ಟು ಪವರ್ ಬೇಕು. ಡಬ್ಬದ ಮೇಲೆ 12 ಗಂಟೆ ಎಂದು ಬರೆದಿದ್ದ ಬ್ಯಾಟರಿ ಸಂಜೆ ಅಡುಗೆ ಮುಗಿಯುವುದರೊಳಗೆ ಕೈ ಕೊಡುವುದು ಇದರಿಂದಲೇ. ಆ 12 ಗಂಟೆ ಮಧ್ಯಮ ವಾಲ್ಯೂಮ್‌ನ ಲೆಕ್ಕ.

ಇನ್ನು ಪಕ್ಕದ ಟೆಂಟಿನವರ ಕಡೆಯಿಂದ ನೋಡಿ. ಬಯಲಲ್ಲಿ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನಿಮ್ಮಿಂದ 2 ಮೀಟರ್ ದೂರದ ಸ್ಪೀಕರ್ 70 ಡೆಸಿಬೆಲ್ ಕೊಡುತ್ತಿದ್ದರೆ, 32 ಮೀಟರ್ ಆಚೆ ಅದು ಇನ್ನೂ 46ರ ಹತ್ತಿರ ಇರುತ್ತದೆ. ಗಾಳಿಯಿಲ್ಲದ ರಾತ್ರಿ ಕಾಡಿನ ಸದ್ದು 30ಕ್ಕಿಂತ ಕೆಳಗೆ ಇಳಿಯುವುದುಂಟು. ಟೆಂಟಿನ ಬಟ್ಟೆ ಸದ್ದನ್ನು ತಡೆಯುವುದೇ ಇಲ್ಲ. ಜೊತೆಗೆ ತೆಳು ಸ್ವರಗಳನ್ನು ಎಲೆ, ಗಾಳಿ ಸ್ವಲ್ಪ ನುಂಗುತ್ತವೆ, ದಪ್ಪ ಸ್ವರಗಳನ್ನು ನುಂಗುವುದಿಲ್ಲ. ಹಾಗಾಗಿ ದೂರದವರಿಗೆ ಹಾಡಿನ ಸಾಹಿತ್ಯವೂ ಇಲ್ಲ, ರಾಗವೂ ಇಲ್ಲ, ಬರೀ ದಬ್ ದಬ್. ಮೋಡವಿಲ್ಲದ ತಣ್ಣನೆಯ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದರೆ, ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಕ್ಕೇ ಬರುತ್ತದೆ. ಕಣಿವೆ ಮತ್ತು ಕೆರೆಯ ದಡಗಳಲ್ಲಿ ಇದು ಇನ್ನೂ ಜಾಸ್ತಿ.

ಅದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಹಾಡು ಹಾಕಿ, ಎದ್ದು ಪಕ್ಕದ ಸೈಟಿನ ಅಂಚಿನವರೆಗೆ ನಡೆದು ಹೋಗಿ. ಅಲ್ಲಿ ಹಾಡು ಯಾವುದೆಂದು ಗೊತ್ತಾದರೆ ವಾಲ್ಯೂಮ್ ಜಾಸ್ತಿಯಾಯಿತು. ಸಂಜೆ ಸರಿಯಿದ್ದ ವಾಲ್ಯೂಮ್ ರಾತ್ರಿ ಸರಿಯಿರುವುದಿಲ್ಲ, ಆದ್ದರಿಂದ ಊಟ ಆದ ಮೇಲೆ ಇನ್ನೊಮ್ಮೆ ನೋಡಿ.

ಬ್ಲೂಟೂತ್ ಸ್ಪೀಕರ್: ಚಿಕ್ಕದೇ ಸಾಕು

ಮಡಚುವ ಮೇಜಿನ ಸುತ್ತ ಆರೆಂಟು ಜನ ಕೂತಿದ್ದಾರೆ ಅಂದುಕೊಳ್ಳಿ. ಎಲ್ಲರೂ ಸ್ಪೀಕರಿನಿಂದ ಒಂದೆರಡು ಮೀಟರ್ ಒಳಗೇ ಇರುತ್ತಾರೆ. ಅವರಿಗೆ 5ರಿಂದ 10 ವ್ಯಾಟ್‌ನ ಸಣ್ಣ ಸ್ಪೀಕರ್ ಧಾರಾಳ. 40, 80 ವ್ಯಾಟ್‌ನ ದೊಡ್ಡ ಸ್ಪೀಕರ್‌ಗಳು ಪಾರ್ಟಿಗೆ ಮಾಡಿದವು. ಅವುಗಳಲ್ಲಿ ಬೇಸ್ ಜಾಸ್ತಿ, ಕಾಡಿನಲ್ಲಿ ದೂರ ಹೋಗುವುದೂ ಆ ಬೇಸೇ. ಹಳೆಯ ಚಿತ್ರಗೀತೆ, ಭಾವಗೀತೆ, ವಚನ, ದಾಸರ ಪದ ಕೇಳುವವರಿಗೆ ಬೇಕಾದದ್ದು ಹಾಡುವವರ ದನಿ ಸ್ಪಷ್ಟವಾಗಿ ಕೇಳುವುದು. ಅದು ಚಿಕ್ಕದರಲ್ಲೂ ಸಿಗುತ್ತದೆ. ಅಂಗಡಿಯಲ್ಲಿ ಜೋರಾಗಿ ಹಾಕಿ ನೋಡುವ ಬದಲು ತೀರಾ ಮೆಲ್ಲಗೆ ಹಾಕಿ ನೋಡಿ. ಕಡಿಮೆ ವಾಲ್ಯೂಮ್‌ನಲ್ಲಿ ಸಾಹಿತ್ಯ ಬಿಡಿಬಿಡಿಯಾಗಿ ಕೇಳುವ ಸ್ಪೀಕರೇ ಕ್ಯಾಂಪಿಗೆ ಒಳ್ಳೆಯದು.

ಕೊಳ್ಳುವಾಗ ಐಪಿ67 ಎಂಬ ಗುರುತು ಇದೆಯಾ ನೋಡಿ. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. 7 ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ ಇದ್ದರೂ ತಡೆಯುತ್ತದೆ. ಕಡಲ ಮರಳು, ಒಳನಾಡಿನ ಕೆಂಪು ಧೂಳು ಎರಡಕ್ಕೂ ಈ 6 ಬೇಕೇ ಬೇಕು. ಕತ್ತಲಲ್ಲಿ ಬೆರಳಿಗೆ ಸಿಗುವಂಥ ಉಬ್ಬು ಬಟನ್ ಇರಲಿ. ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಜಾಗ ಇದ್ದರಂತೂ ಫೋನಿನ ಹಂಗೇ ಬೇಡ. ಊರಿಂದ ಅಪ್ಪ ಅಮ್ಮ ಬರುವಾಗ ಹಾಡು ತುಂಬಿಸಿಯೇ ಮಾರುವ ಪೆಟ್ಟಿಗೆ ತರುತ್ತಾರಲ್ವಾ, ಅದನ್ನು ಮೂಲೆಗೆ ಹಾಕಬೇಡಿ. ಕ್ಯಾಂಪಿಗೆ ಅದು ತುಂಬಾ ಒಳ್ಳೆಯ ಸಾಮಾನು. ನೆಟ್‌ವರ್ಕ್ ಬೇಡ, ಆ್ಯಪ್ ಬೇಡ, ಯುಎಸ್‌ಬಿ ಚಾರ್ಜಿಂಗ್ ಇದ್ದರೆ ಪವರ್ ಬ್ಯಾಂಕ್ ಸಾಕು. ಒಂದೇ ಕೊರತೆ ಅಂದರೆ ಧೂಳು, ಮಳೆ ಅದಕ್ಕೆ ಆಗುವುದಿಲ್ಲ. ರಾತ್ರಿ ಒಳಗಿಡಿ, ಇಬ್ಬನಿ ಬೀಳುತ್ತದೆ.

ಕಾರಿನ ಸ್ಟಿರಿಯೊ

ಬೇಡ. ಬಾಗಿಲು ತೆರೆದಿಟ್ಟು ಹಾಡು ಹಾಕಿದರೆ ಬೇಸ್ ಎಲ್ಲ ಹೊರಗೆ ಹೋಗುತ್ತದೆ, ಒಳಗಿನ ದೀಪ ಉರಿಯುತ್ತಿರುತ್ತದೆ, ಸೊಳ್ಳೆಗಳು ಸೀಟಿನ ಮೇಲೆ ಕೂರುತ್ತವೆ. ಅದಕ್ಕಿಂತ ಮುಖ್ಯ ಬ್ಯಾಟರಿ. ಕಾರಿನ ಬ್ಯಾಟರಿ ಇರುವುದು ಎಂಜಿನ್ ಸ್ಟಾರ್ಟ್ ಮಾಡಲು ಒಂದು ಕ್ಷಣ ಜೋರಾಗಿ ಕರೆಂಟ್ ಕೊಡುವುದಕ್ಕೆ. ಗಂಟೆಗಟ್ಟಲೆ ಸಣ್ಣಗೆ ಕರೆಂಟ್ ಎಳೆದರೆ ಅದು ಸೋಲುತ್ತದೆ. ಪೇಟೆಯಲ್ಲಿ ಬ್ಯಾಟರಿ ಸತ್ತರೆ ರೋಡ್‌ಸೈಡ್ ಸಹಾಯದವರು ಬರುತ್ತಾರೆ. ನೆಟ್‌ವರ್ಕ್ ಇಲ್ಲದ ಮಣ್ಣು ದಾರಿಯ ತುದಿಯಲ್ಲಿ ಅವರನ್ನು ಕರೆಯುವುದೇ ಆಗುವುದಿಲ್ಲ. ಎಸ್ಕಿಯ (ಐಸ್ ಪೆಟ್ಟಿಗೆಯ) ಬದಲು ಫ್ರಿಜ್ ಇಟ್ಟುಕೊಂಡು, ಅದಕ್ಕೆಂದು ಎರಡನೇ ಬ್ಯಾಟರಿ ಕೂರಿಸಿಕೊಂಡವರ ವಿಷಯ ಬೇರೆ.

ಇಯರ್‌ಫೋನ್: ಒಂದು ಕಿವಿ ಕಾಡಿಗೆ ಬಿಡಿ

ರಾತ್ರಿ ಮಲಗುವಾಗ ಹಾಡು ಬೇಕು ಅನ್ನುವವರಿಗೆ ಇದಕ್ಕಿಂತ ಮರ್ಯಾದಸ್ತ ದಾರಿ ಇಲ್ಲ. ಟೆಂಟಿನಲ್ಲಿ ಪಕ್ಕದಲ್ಲಿ ಮಲಗಿದವರಿಗೂ ತೊಂದರೆಯಿಲ್ಲ. ಆದರೆ ಯಾವ ತರಹದ್ದು ಅನ್ನುವುದು ಮುಖ್ಯ.

ಹೊರಗಿನ ಸದ್ದನ್ನು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ವಿಮಾನಕ್ಕೆ ಒಳ್ಳೆಯದು, ಬುಷ್‌ಗೆ ಅಲ್ಲ. ಗಮ್ ಮರಗಳು, ಅಂದರೆ ನೀಲಗಿರಿ ಜಾತಿಯವು, ಗಾಳಿಯಿಲ್ಲದ ದಿನವೂ ದೊಡ್ಡ ಕೊಂಬೆಗಳನ್ನು ಉದುರಿಸುತ್ತವೆ. ಬೀಳುವ ಮೊದಲು ಕೆಲವೊಮ್ಮೆ ಕೇಳುವ ಚಟಚಟ ಸದ್ದೇ ನಿಮಗೆ ಸಿಗುವ ಎಚ್ಚರಿಕೆ. ಹಿಂದಿನಿಂದ ಬರುವ ಯೂಟ್ (ಪಿಕಪ್ ಗಾಡಿ), ಪಕ್ಕದ ಟೆಂಟಿನಲ್ಲಿ ಎದ್ದ ಮಗು, ರೇಂಜರ್ ಕೂಗುವುದು, ಇವೆಲ್ಲ ಕೇಳಬೇಕು. ನಡೆಯುವಾಗ ಕಿವಿಯ ತೂತು ಮುಚ್ಚದ ಓಪನ್ ಇಯರ್ ಅಥವಾ ಕೆನ್ನೆಯ ಮೂಳೆಯ ಮೂಲಕ ಸದ್ದು ಕೊಡುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಹಾಕಿಕೊಳ್ಳಿ. ಸಂಗೀತದ ಸೊಗಸು ಅದರಲ್ಲಿ ಕಡಿಮೆ, ಬೇಸ್ ತೀರಾ ತೆಳು. ಆದರೂ ಕಾಡಿನ ಸದ್ದು ಪೂರ್ತಿ ಕೇಳುತ್ತದೆ.

ಮಲಗುವವರಿಗೆ ನನ್ನ ಸಲಹೆ ಹಳೆಯ ವೈರ್ ಇರುವ ಇಯರ್‌ಫೋನ್. ಚಾರ್ಜ್ ಮಾಡಬೇಕಿಲ್ಲ, ಒಣ ಎಲೆಗಳ ನಡುವೆ ಕಳೆದುಹೋಗುವುದಿಲ್ಲ. ಈಗಿನ ಬಹಳ ಫೋನ್‌ಗಳಲ್ಲಿ ಅದರ ಜ್ಯಾಕ್ ಇಲ್ಲ, ಅದಕ್ಕೊಂದು ಚಿಕ್ಕ ಅಡಾಪ್ಟರ್ ಬೇಕು. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ. ಸ್ಲೀಪ್ ಟೈಮರ್ ಇಟ್ಟರೆ ಬ್ಯಾಟರಿಯೂ ಉಳಿಯುತ್ತದೆ.

ರೇಡಿಯೊ: ಎಲ್ಲರೂ ಮರೆಯುವ, ಯಾರೂ ಬಿಡಬಾರದ ವಸ್ತು

ಬೇಸಿಗೆಯ ಬುಷ್‌ಗೆ ಒಂದೇ ಒಂದು ಸದ್ದಿನ ಸಾಮಾನು ಒಯ್ಯಬಹುದು ಅಂದರೆ ನಾನು ಎಎಂ, ಎಫ್‌ಎಂ ಎರಡೂ ಇರುವ, ಸೆಲ್ ಹಾಕುವ ಪುಟ್ಟ ರೇಡಿಯೊ ಒಯ್ಯುತ್ತೇನೆ. ಇದರಲ್ಲಿ ನಿಮಗೆ ಬೇಕಾದ ಹಾಡು ಬರುವುದಿಲ್ಲ ಅನ್ನುವುದು ನಿಜ. ಆದರೂ ಬೆಂಕಿಯ ದಿನ ಬೇಕಾದ ಸುದ್ದಿ ಬರುತ್ತದೆ.

2019ರ ಕೊನೆಯ ದಿನ ವಿಕ್ಟೋರಿಯಾದ ಪೂರ್ವ ತುದಿಯ ಮಲ್ಲಕೂಟಾ ಊರಿಗೆ ಬೆಂಕಿ ಬಂತು. ಅದು ಕ್ಯಾಂಪಿಂಗ್‌ನವರು ಕಿಕ್ಕಿರಿದಿರುವ ರಜೆಯ ಕಾಲ. ದಾರಿ ಮುಚ್ಚಿತ್ತು. ಸಾವಿರಾರು ಜನ ನೀರಿನ ದಡದಲ್ಲಿ ಕಾದರು. ಕರೆಂಟ್ ಹೋಯಿತು, ಫೋನ್ ಹೋಯಿತು. ಕೆಲವು ದಿನದ ಮೇಲೆ, 2020ರ ಜನವರಿ 3ರಂದು, ನೌಕಾಪಡೆಯ ಎಚ್‌ಎಂಎಎಸ್ ಚೌಲ್ಸ್ ಹಡಗು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಕರೆದೊಯ್ದಿತು. ಆ ಬೇಸಿಗೆ ಕಲಿಸಿದ್ದು ಇದು: ಮೊಬೈಲ್ ಟವರ್‌ಗೆ ಕರೆಂಟ್ ಬೇಕು, ಕೇಬಲ್ ಬೇಕು. ಬೆಂಕಿ ಅವೆರಡನ್ನೂ ಮೊದಲು ತೆಗೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಗ್ರಾಂಪಿಯನ್ಸ್‌ನಲ್ಲಿ ಹೊತ್ತಿದ ಬೆಂಕಿಯೂ ವಾರಗಟ್ಟಲೆ ಉರಿಯಿತು.

ರಾಜ್ಯದ ತುರ್ತು ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ಎಲ್ಲರ ಫೋನಿನಲ್ಲೂ ಇರಲಿ, ಆದರೆ ನೆಟ್‌ವರ್ಕ್ ಇಲ್ಲದ ಕಡೆ ಅದು ಮಾತಾಡುವುದಿಲ್ಲ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಲೋಕಲ್ ರೇಡಿಯೊ ಮಾತಾಡುತ್ತದೆ. ತುರ್ತು ಸುದ್ದಿ ಕೊಡುವುದು ಅದರ ಕೆಲಸಗಳಲ್ಲೊಂದು. ಹೊರಡುವ ಮೊದಲು ಆಯಾ ಜಾಗದ ಫ್ರೀಕ್ವೆನ್ಸಿ ಒಂದು ಚೀಟಿಯಲ್ಲಿ ಬರೆದು ರೇಡಿಯೊದ ಹಿಂದೆ ಅಂಟಿಸಿ. ಮೆಲ್ಬರ್ನ್ 774, ಗ್ರಾಂಪಿಯನ್ಸ್ ಹತ್ತಿರದ ಹಾರ್ಷಮ್ ಕಡೆ 594, ಗಿಪ್ಸ್‌ಲ್ಯಾಂಡ್‌ನ ಸೇಲ್ ಕಡೆ 828, ಎಲ್ಲವೂ ಎಎಂ. ಎಚ್ಚರಿಕೆಗಳು ಮೂರು ಹಂತದಲ್ಲಿ ಬರುತ್ತವೆ: ಅಡ್ವೈಸ್, ವಾಚ್ ಆ್ಯಂಡ್ ಆಕ್ಟ್, ಎಮರ್ಜೆನ್ಸಿ ವಾರ್ನಿಂಗ್. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗೂ ಈ ಮೂರು ಮಾತು ಹೇಳಿಕೊಟ್ಟಿರಿ.

ಎಎಂ ಯಾಕೆ ಅಂದರೆ, ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಓಡುತ್ತದೆ. ನಡುವೆ ಬೆಟ್ಟ ಬಂದರೆ ಕಣಿವೆಯಲ್ಲಿ ಸಿಗುವುದಿಲ್ಲ. ಎಎಂ ಅಲೆ ನೆಲ ಹಿಡಿದು ದೂರ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ಆಕಾಶದ ಅಯಾನುಗೋಳದಿಂದ ತಿರುಗಿ ನೂರಾರು ಕಿಲೋಮೀಟರ್ ಆಚೆಗೂ ಬೀಳುತ್ತದೆ. ರಾತ್ರಿ ಸುಮ್ನೆ ಡಯಲ್ ತಿರುಗಿಸಿದರೆ ಬೇರೆ ರಾಜ್ಯಗಳ ಸ್ಟೇಷನ್‌ಗಳು ಒಂದೊಂದಾಗಿ ತೇಲಿ ಬರುತ್ತವೆ. ನನಗೆ ಅದು ಯಾವ ಪ್ಲೇಲಿಸ್ಟಿಗಿಂತಲೂ ಹೆಚ್ಚಿನ ಖುಷಿ. ಊರಿಂದ ತಂದ ರೇಡಿಯೊ ಇಲ್ಲೂ ನಡೆಯುತ್ತದೆ, ಯಾಕೆಂದರೆ ಎರಡೂ ದೇಶಗಳಲ್ಲಿ ಎಎಂ ಸ್ಟೇಷನ್‌ಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಗೆ 612ಕ್ಕೆ ತಿರುಗಿಸುತ್ತಿದ್ದ ಮುಳ್ಳು ಬ್ರಿಸ್ಬೇನ್‌ನಲ್ಲಿ ಅದೇ 612ರಲ್ಲಿ ಅಲ್ಲಿನ ಎಬಿಸಿ ಹಿಡಿಯುತ್ತದೆ. ಅಮೆರಿಕದಿಂದ ತರಿಸಿದ ಡಿಜಿಟಲ್ ರೇಡಿಯೊ ಆದರೆ ಮಾತ್ರ ನೋಡಿಕೊಳ್ಳಿ. ಅಲ್ಲಿ ಅಂತರ 10, ಅದನ್ನು 9ಕ್ಕೆ ಬದಲಿಸುವ ಸೌಲಭ್ಯ ಇರಬೇಕು.

ಎಎಂನಲ್ಲಿ ಬರೀ ಗೊರಗೊರ ಅನ್ನುತ್ತಿದ್ದರೆ ಟೆಂಟಿನ ಅಗ್ಗದ ಎಲ್‌ಇಡಿ ಪಟ್ಟಿ, ಇನ್ವರ್ಟರ್, ಸೋಲಾರ್ ಕಂಟ್ರೋಲರ್ ಆರಿಸಿ ನೋಡಿ. ಗಲಾಟೆ ಮಾಡುವುದು ಬಹಳ ಸಲ ಅವೇ. ರೇಡಿಯೊವನ್ನೇ ನಿಂತಲ್ಲಿ ತಿರುಗಿಸಿ ನೋಡಿ. ಒಳಗಿನ ಆ್ಯಂಟೆನಾ ಒಂದು ದಿಕ್ಕಿನಲ್ಲಿ ಚೆನ್ನಾಗಿ ಹಿಡಿಯುತ್ತದೆ.

ಹಾಡು ಎಲ್ಲಿಂದ ಬರಬೇಕು?

ಆನ್‌ಲೈನಿನಿಂದ ಬರುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಮೊಬೈಲ್ ಕಂಪನಿಗಳಾದ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಿಂದ 3ಜಿ ಮುಚ್ಚಲು ಶುರು ಮಾಡಿದವು. ಹಳೆಯ ಫೋನನ್ನು ಹಾಡಿಗೆಂದು ಇಟ್ಟುಕೊಂಡಿದ್ದರೆ ಅದು ನೆಟ್‌ವರ್ಕ್ ಹಿಡಿಯದೇ ಇರಬಹುದು. ಹಾಡು ಡೌನ್‌ಲೋಡ್ ಮಾಡಿಟ್ಟರೆ ಆ ಹಳೆಯ ಫೋನೇ ಒಳ್ಳೆಯ ಹಾಡಿನ ಪೆಟ್ಟಿಗೆ.

ಜಾಗದ ಲೆಕ್ಕ ಸುಲಭ. 320 ಕೆಬಿಪಿಎಸ್ ಗುಣಮಟ್ಟದಲ್ಲಿ ಐದು ನಿಮಿಷದ ಹಾಡಿಗೆ ಸುಮಾರು 12 ಎಂಬಿ, ನೂರು ಹಾಡಿಗೆ 1.2 ಜಿಬಿ. 160ರಲ್ಲಿ ಇದರ ಅರ್ಧ. ಬಯಲಲ್ಲಿ ಸಣ್ಣ ಸ್ಪೀಕರಿಗೆ 160 ಸಾಕು. ಸ್ಪಾಟಿಫೈನಲ್ಲಿ ಇಳಿಸಿಕೊಂಡ ಹಾಡು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬರಬೇಕು. ಮನೆಯಲ್ಲಿರುವಾಗಲೇ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಹಾಡು ನಿಜವಾಗಿ ಬರುತ್ತದಾ ನೋಡಿ. ಕ್ಯಾಂಪಿನಲ್ಲೂ ಅದೇ ಮೋಡಿನಲ್ಲಿ ಇಡಿ. ಸಿಗದ ಸಿಗ್ನಲ್ ಹುಡುಕುವುದರಲ್ಲೇ ಫೋನ್ ಬ್ಯಾಟರಿ ಕರಗುತ್ತದೆ.

10,000 ಎಂಎಎಚ್‌ನ ಪವರ್ ಬ್ಯಾಂಕ್ ಅಂದರೆ ಸುಮಾರು 37 ವ್ಯಾಟ್‌ ಅವರ್. ಎರಡು ರಾತ್ರಿಯ ಹಾಡಿಗೆ ಬೇಕಾದಷ್ಟು. ಮಡಚುವ ಸೋಲಾರ್ ಪ್ಯಾನೆಲ್ ಗಮ್ ಮರದ ನೆರಳಲ್ಲಿ ಏನೂ ಕೊಡುವುದಿಲ್ಲ, ಬಿಸಿಲಿಗಿಡಬೇಕು. ಆದರೆ ಪವರ್ ಬ್ಯಾಂಕನ್ನು ಬಿಸಿಲಿಗಿಡಬೇಡಿ, ಮುಚ್ಚಿದ ಕಾರಿನಲ್ಲೂ ಬಿಡಬೇಡಿ. ಚಳಿಗಾಲದ ಹೈ ಕಂಟ್ರಿಯಲ್ಲಿ ಇದಕ್ಕೆ ಉಲ್ಟಾ ತೊಂದರೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ನಮ್ಮದೇ ದನಿ, ನಮ್ಮದೇ ವಾದ್ಯ

ನಾಲ್ಕು ಮನೆಯವರು ಕೂಡಿ ಹೋಗಿದ್ದರೆ ನನ್ನ ಮೊದಲ ಓಟು ಇದಕ್ಕೇ. ಸ್ಪೀಕರ್ ಹಾಕಿದರೆ ಹಾಡು ಹಿಂದೆ ಎಲ್ಲೋ ನಡೆಯುತ್ತಿರುತ್ತದೆ, ಜನ ಮಾತಾಡುತ್ತಾರೆ, ಮಕ್ಕಳು ಇನ್ನೊಂದು ಕಡೆ. ಅಂತ್ಯಾಕ್ಷರಿ ಶುರುವಾದರೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಹತ್ತಿರ ಬರುತ್ತಾರೆ. ಅಜ್ಜಿಗೆ ಬರುವ ಹಸೆಹಾಡು, ಸೋಬಾನೆ ಪದ ಕೇಳಲು ಅವರಿಗೆ ಬೇರೆ ಎಲ್ಲಿ ಸಿಗುತ್ತದೆ ಹೇಳಿ? ಕ್ಯಾಂಪ್‌ಫೈರ್ ಇಲ್ಲದಿದ್ದರೂ ನಡೆಯುತ್ತದೆ. ಟೋಟಲ್ ಫೈರ್ ಬ್ಯಾನ್ ದಿನ ಬೆಂಕಿ ಹಾಕುವಂತಿಲ್ಲ, ಒಂದು ಲಾಟೀನಿನಂಥ ದೀಪದ ಸುತ್ತ ಕೂರಬಹುದು. ಆದರೆ ಒಂದು ಮಾತು. ಮೈಕ್ ಇಲ್ಲದ ಹದಿನೈದು ದನಿ ಕೂಡ ದೊಡ್ಡ ಸದ್ದೇ. ಸ್ಪೀಕರಿಗೆ ಹೇಳಿದ ಪರೀಕ್ಷೆ ಇದಕ್ಕೂ ಅನ್ವಯಿಸುತ್ತದೆ.

ವಾದ್ಯಗಳಲ್ಲಿ ಮೌತ್ ಆರ್ಗನ್ ಎಲ್ಲಕ್ಕಿಂತ ಹಗುರ, ಜೇಬಿನಲ್ಲಿ ಕೂರುತ್ತದೆ, ಬಿಸಿಲಿಗೂ ಹೆದರುವುದಿಲ್ಲ. ಗಿಟಾರಿನಂಥದೇ ಆದ ಯುಕುಲೆಲೆ ಚಿಕ್ಕದು, ಮಕ್ಕಳು ಬೇಗ ಕಲಿಯುತ್ತಾರೆ. ಒಳ್ಳೆಯ ಮರದ ಗಿಟಾರ್ ತರಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದರ ಗೋಂದು ಮೆತ್ತಗಾಗುತ್ತದೆ, ಒಣ ಹವೆಗೆ ಮರ ಬಿರುಕು ಬಿಡುತ್ತದೆ. ತಬಲಾ, ಢೋಲಕ್‌ಗಳ ಚರ್ಮ ರಾತ್ರಿಯ ಇಬ್ಬನಿಗೆ ಸಡಿಲವಾಗುತ್ತದೆ.

ಊರಿಂದ ಕೊಳಲು ತರಿಸುವವರು ಇದನ್ನು ನೆನಪಿಡಿ. ಬಿದಿರು, ಮರ, ಚರ್ಮದ ವಸ್ತುಗಳನ್ನು ಆಸ್ಟ್ರೇಲಿಯಾಕ್ಕೆ ಬರುವಾಗ ಘೋಷಿಸಬೇಕು. ಘೋಷಿಸಿದರೆ ಅಧಿಕಾರಿಗಳು ನೋಡಿ ತೀರ್ಮಾನಿಸುತ್ತಾರೆ, ಮುಚ್ಚಿಟ್ಟರೆ ದಂಡ. ಖಂಜಿರದ ವಿಷಯದಲ್ಲಿ ಇನ್ನೂ ಹುಷಾರು. ಹಳೆಯ ಖಂಜಿರಗಳಿಗೆ ಉಡದ ಚರ್ಮ ಇರುತ್ತದೆ, ಉಡ ಭಾರತದ ಕಾನೂನಿನಲ್ಲೇ ರಕ್ಷಿತ ಪ್ರಾಣಿ. ಸಿಂಥೆಟಿಕ್ ಚರ್ಮದ್ದು ಕೊಂಡರೆ ಯಾವ ತಾಪತ್ರಯವೂ ಇಲ್ಲ, ಇಬ್ಬನಿಗೂ ಜಗ್ಗುವುದಿಲ್ಲ.

ಏನೂ ಹಾಕದಿರುವುದೂ ಒಂದು ಆಯ್ಕೆ

ಜಾಗ ಮತ್ತು ಹೊತ್ತು ನೋಡಿ ಹಾಡು ನಿಲ್ಲಿಸಬೇಕಾಗುತ್ತದೆ. ಮೆಲ್ಬರ್ನ್ ಪಕ್ಕದ ಡ್ಯಾಂಡಿನಾಂಗ್ ಬೆಟ್ಟದ ಶೆರ್‌ಬ್ರೂಕ್ ಕಾಡಿನಲ್ಲಿ ಲೈರ್‌ಬರ್ಡ್ ಹಕ್ಕಿ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಂಡು ಹಕ್ಕಿ ಬಹಳ ಹೊತ್ತು ಹಾಡುತ್ತದೆ. ಕೂಕಬುರ್ರಾ, ವಿಪ್‌ಬರ್ಡ್, ರೊಸೆಲ್ಲಾ, ಒಂದರ ಹಿಂದೊಂದು ಹಕ್ಕಿಯ ದನಿಯನ್ನು ಅನುಕರಿಸುತ್ತದೆ. ನೀರಿನ ಹತ್ತಿರ ಕ್ಯಾಂಪ್ ಮಾಡಿದರೆ ಪಾಬಲ್‌ಬಾಂಕ್ ಕಪ್ಪೆ ತಂತಿ ಮೀಟಿದ ಹಾಗೆ ಬೊಂಕ್ ಅನ್ನುತ್ತದೆ. ಸ್ಪೀಕರ್ ಹಾಡುತ್ತಿದ್ದರೆ ಇವು ಯಾವುವೂ ಕೇಳುವುದಿಲ್ಲ. ಹಕ್ಕಿಯನ್ನು ಹತ್ತಿರ ಕರೆಯಲು ಫೋನಿನಲ್ಲಿ ಅದರದೇ ಕೂಗು ಹಾಕುವುದನ್ನಂತೂ ದಯವಿಟ್ಟು ಮಾಡಬೇಡಿ. ಮರಿ ಮಾಡುವ ಕಾಲದಲ್ಲಿ ಅದು ಬೇರೊಂದು ಗಂಡು ಬಂತೆಂದು ಗಾಬರಿಯಾಗಿ ಗೂಡು ಬಿಟ್ಟು ಓಡಾಡುತ್ತದೆ.

ನನಗೆ ಸರಿ ಅನ್ನಿಸುವ ಏರ್ಪಾಡು ಹೀಗೆ: ಬೆಳಗ್ಗೆ ಮತ್ತು ಸೂರ್ಯ ಮುಳುಗುವ ಹೊತ್ತು ಏನೂ ಬೇಡ. ಮಧ್ಯಾಹ್ನ, ಅಡುಗೆಯ ಹೊತ್ತಿಗೆ ಸಣ್ಣ ಸ್ಪೀಕರ್. ಊಟದ ಮೇಲೆ ನಮ್ಮ ಹಾಡು, ಅದೂ ಆ ಕ್ಯಾಂಪ್‌ಗ್ರೌಂಡ್ ಹೇಳಿದ ಸಮಯದವರೆಗೆ. ಆ ಸಮಯ ಜಾಗದಿಂದ ಜಾಗಕ್ಕೆ ಬೇರೆ, ಬುಕಿಂಗ್ ಮಾಡುವಾಗಲೇ ನಿಯಮ ಓದಿ. ಆಮೇಲೆ ಬೇಕಿದ್ದವರಿಗೆ ಇಯರ್‌ಫೋನ್.

ಬೆನ್ನಿಗೆ ಚೀಲ ಹಾಕಿ ನಡೆದು ಹೋಗುವವರು ಸ್ಪೀಕರ್ ಬಿಟ್ಟು ಬಿಡಿ. ರೇಡಿಯೊ ಮತ್ತು ವೈರ್ ಇಯರ್‌ಫೋನ್ ಸಾಕು, ಎರಡೂ ಸೇರಿ ಒಂದು ಸೇಬಿನಷ್ಟೂ ತೂಗುವುದಿಲ್ಲ. ಕಾರಿನಲ್ಲಿ ಹೋಗುವ ಮನೆಯವರು ಮೊದಲು ರೇಡಿಯೊ ಕೊಳ್ಳಿ, ಆಮೇಲೆ ಚಿಕ್ಕ ಸ್ಪೀಕರ್. ರೇಡಿಯೊದಲ್ಲೇ ಎಸ್‌ಡಿ ಕಾರ್ಡ್ ಹಾಕುವ ಜಾಗ ಇರುವಂಥದ್ದು ಸಿಕ್ಕಿದರೆ ಎರಡನೆಯದು ಬೇಕಾಗದೆಯೂ ಇರಬಹುದು. ಸೆಲ್‌ಗಳನ್ನು ಮಾತ್ರ ರೇಡಿಯೊದೊಳಗೆ ಬಿಟ್ಟು ವರ್ಷಗಟ್ಟಲೆ ಗ್ಯಾರೇಜಿನಲ್ಲಿಡಬೇಡಿ, ಸೋರಿ ಹಾಳಾಗುತ್ತದೆ. ಬಿಚ್ಚಿ ಪಕ್ಕದಲ್ಲೇ ಒಂದು ಕವರಿನಲ್ಲಿಡಿ, ಪ್ರತಿ ನವೆಂಬರ್‌ನಲ್ಲಿ, ಬೇಸಿಗೆ ಶುರುವಾಗುವ ಮೊದಲು, ಹಾಕಿ ಒಮ್ಮೆ ನೋಡಿ.